ದೊಡ್ಡ ರೇಸಿಗೆ ಕುದುರೆ ಆರಿಸುವಾಗ ಯಾವ ಹಳೆಯ ಲೆಕ್ಕ ನಂಬಬೇಕು, ಯಾವುದು ಬೇಡ

2024ರ ಜೂನ್ 1, ಶನಿವಾರ. ಇಂಗ್ಲೆಂಡಿನ ಹೆಸರಾಂತ ಕುದುರೆ ಓಟ ಎಪ್ಸಮ್ ಡರ್ಬಿಯ ದಿನ. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ 16 ಕುದುರೆಗಳ ಹೆಸರು ಬರೆದೆ. ಆಮೇಲೆ ಹಳೆಯ ಲೆಕ್ಕ (ಹಿಂದಿನ ವರ್ಷಗಳಲ್ಲಿ ಎಂಥ ಕುದುರೆಗಳು ಗೆದ್ದವು ಎಂಬ ಅಂಕಿಅಂಶ) ಹಿಡಿದು ಒಂದೊಂದೇ ಹೆಸರಿನ ಮೇಲೆ ಗೆರೆ ಎಳೆಯುತ್ತಾ ಹೋದೆ. ಸಿಟಿ ಆಫ್ ಟ್ರಾಯ್ ಎಂಬ ಫೇವರಿಟ್ (ಗೆಲ್ಲುತ್ತದೆಂದು ಹೆಚ್ಚು ಜನ ಬಾಜಿ ಕಟ್ಟಿದ) ಕುದುರೆಯ ಮೇಲೂ ಗೆರೆ ಬಿತ್ತು. ಅದಕ್ಕೆ ಮೂರು ಕಾರಣ ಇದ್ದವು. ಒಂದು, ತಿಂಗಳ ಹಿಂದೆ ನ್ಯೂಮಾರ್ಕೆಟ್‌ನ 2000 ಗಿನೀಸ್‌ನಲ್ಲಿ (ಡರ್ಬಿಗೆ ಮುಂಚಿನ ಒಂದು ದೊಡ್ಡ ಓಟ) ಅದು ಒಂಬತ್ತನೆಯದಾಗಿ ಬಂದಿತ್ತು. ಎರಡು, ಓಟ ಶುರುವಾಗುವ ಜಾಗದಲ್ಲಿ ಅದಕ್ಕೆ ಸಿಕ್ಕಿದ್ದು ಒಂದನೇ ಗೇಟು, ಅಂದರೆ ತೀರ ಒಳಗಿನದು. ಮೂರು, ಅದರ ತಂದೆ ಜಸ್ಟಿಫೈ ಅಮೆರಿಕದ ಮಣ್ಣಿನ ಟ್ರ್ಯಾಕಿನಲ್ಲಿ ಹೆಸರು ಮಾಡಿದ ಕುದುರೆ. ಎಪ್ಸಮ್ ಹುಲ್ಲಿನ ಟ್ರ್ಯಾಕು.

ಸಂಜೆ ಸಿಟಿ ಆಫ್ ಟ್ರಾಯ್ ಎರಡೂಮುಕ್ಕಾಲು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದಿತು.

ನನ್ನ ಕುದುರೆ ಸೋತಿದ್ದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ ವಿಷಯ. ಆ ಮೂರು ಕಾರಣಗಳು ನೋಟ್‌ಬುಕ್ಕಿನಲ್ಲಿ ಒಂದೇ ತೂಕದಲ್ಲಿ ಕೂತಿದ್ದವು. ಯಾವುದಕ್ಕೆ ಬೇರು ಇದೆ, ಯಾವುದು ಸುಮ್ನೆ ಕಾಕತಾಳೀಯ ಅಂತ ನಾನು ಕೇಳಿಯೇ ಇರಲಿಲ್ಲ. ಆವತ್ತಿನಿಂದ ಪ್ರತಿ ಟ್ರೆಂಡಿನ, ಅಂದರೆ ಇಂಥ ಪ್ರತಿ ಹಳೆಯ ಲೆಕ್ಕದ, ಎದುರು "ಯಾಕೆ?" ಎಂದು ಬರೆದು ಒಂದು ಖಾಲಿ ಜಾಗ ಬಿಡುತ್ತೇನೆ. ಟ್ರ್ಯಾಕಿನ ಆಕಾರ, ಓಟದ ದೂರ, ತೂಕದ ನಿಯಮ, ಕುದುರೆಯ ಮೈಕಟ್ಟು, ಇವುಗಳಲ್ಲಿ ಯಾವುದರಿಂದಲಾದರೂ ಆ ಜಾಗ ತುಂಬಲು ಆಗದಿದ್ದರೆ ಆ ಟ್ರೆಂಡಿಗೆ ನನ್ನ ಪುಸ್ತಕದಲ್ಲಿ ಬೆಲೆ ಇಲ್ಲ. ಡರ್ಬಿ, ಫ್ರಾನ್ಸಿನ ಆರ್ಕ್, ಆಸ್ಟ್ರೇಲಿಯಾದ ಮೆಲ್ಬೋರ್ನ್ ಕಪ್, ಅಮೆರಿಕದ ಕೆಂಟಕಿ ಡರ್ಬಿ, ನಮ್ಮ ಇಂಡಿಯನ್ ಡರ್ಬಿ ಬಂದಾಗಲೆಲ್ಲ "ಹತ್ತು ವರ್ಷದ ಟ್ರೆಂಡ್" ಎಂಬ ಪಟ್ಟಿಗಳು ಓಡಾಡುತ್ತವೆ. ಅವುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ.

ಮೊದಲು ರೇಸಿನ ಜಾತಿ ನೋಡಿ

ಇದನ್ನು ಬೇಗ ಹೇಳಿಬಿಡುತ್ತೇನೆ. ಡರ್ಬಿಯಂಥ ಕ್ಲಾಸಿಕ್ ಓಟದಲ್ಲಿ ಎಲ್ಲವೂ ಒಂದೇ ವಯಸ್ಸಿನ ಕುದುರೆಗಳು, ಬೆನ್ನ ಮೇಲೆ ಸಮ ತೂಕ. ಹೆಣ್ಣುಕುದುರೆಗೆ ಮಾತ್ರ ಸ್ವಲ್ಪ ರಿಯಾಯಿತಿ. ಪ್ಯಾರಿಸ್ಸಿನ ಆರ್ಕ್‌ನಲ್ಲಿ ಎಳೆಯ ಕುದುರೆ, ಬಲಿತ ಕುದುರೆ ಎರಡೂ ಓಡುತ್ತವೆ. ವಯಸ್ಸಿಗೆ ತಕ್ಕ ತೂಕ. ಮೆಲ್ಬೋರ್ನ್ ಕಪ್ ಹ್ಯಾಂಡಿಕ್ಯಾಪ್. ಅಲ್ಲಿ ಒಳ್ಳೆ ಕುದುರೆಗೆ ಜಾಸ್ತಿ ತೂಕ ಹೇರಿ, ಎಲ್ಲವನ್ನೂ ಒಂದೇ ಗೆರೆಗೆ ತರಲು ಒಬ್ಬ ಅಧಿಕಾರಿ ಕೂತಿರುತ್ತಾನೆ. ಹಳೆಯ ಲೆಕ್ಕ ಚೆನ್ನಾಗಿ ನಡೆಯುವುದು ಮೊದಲನೆಯದರಲ್ಲಿ. ಮೂರನೆಯದರಲ್ಲಿ ಅದರ ಆಟ ಬಹಳ ಕಡಿಮೆ. ಆ ಲೆಕ್ಕವನ್ನು ಕೆಡಿಸುವುದೇ ಹ್ಯಾಂಡಿಕ್ಯಾಪರ್‌ನ ಕೆಲಸ ಅಲ್ವಾ?

ಗೇಟಿನ ಲೆಕ್ಕ: ಬಹುತೇಕ ಪೊಳ್ಳು, ಒಂದೊಂದು ಕಡೆ ಗಟ್ಟಿ

ಜನ ಅತಿ ಬೇಗ ನಂಬುವುದು ಗೇಟಿನ ನಂಬರನ್ನು. ಕೆಂಟಕಿ ಡರ್ಬಿಯಲ್ಲಿ 17ನೇ ಗೇಟಿನಿಂದ ಹೊರಟ ಕುದುರೆ 2025ರವರೆಗೂ ಒಮ್ಮೆಯೂ ಗೆದ್ದಿಲ್ಲ. ಪ್ರತಿ ವರ್ಷ ಮೇ ಮೊದಲ ವಾರ ಈ ಮಾತು ಬಂದೇ ಬರುತ್ತದೆ. ಪಾಪ, 17 ಬಿದ್ದ ಕುದುರೆಯ ಕಡೆ ಯಾರೂ ತಿರುಗಿ ನೋಡಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. 20 ಕುದುರೆ ಓಡುವ ರೇಸು 45 ಸಲ ನಡೆಯಿತು ಎಂದುಕೊಳ್ಳಿ. ಎಲ್ಲ ಗೇಟಿಗೂ ಸಮ ಅವಕಾಶ. ಹಾಗಿದ್ದರೂ ನೀವು ಮೊದಲೇ ಗುರುತಿಸಿದ ಒಂದು ಗೇಟಿಗೆ 45 ಸಲದಲ್ಲಿ ಒಂದೂ ಗೆಲುವು ಸಿಗದೇ ಹೋಗುವ ಸಾಧ್ಯತೆ ನೂರಕ್ಕೆ ಹತ್ತರಷ್ಟಿದೆ. ಇರುವುದು 20 ಗೇಟು. ಅಂದರೆ ಶಾಪ ಗೀಪ ಏನೂ ಇಲ್ಲದಿದ್ದರೂ ಸರಾಸರಿ ಎರಡು ಗೇಟುಗಳು ಬರಿಗೈಲಿ ಉಳಿಯುತ್ತವೆ. 17ರ ಪಕ್ಕದ 16ಕ್ಕೂ 18ಕ್ಕೂ ತಗಲದ ದೋಷ 17ಕ್ಕೆ ಮಾತ್ರ ಯಾಕೆ ತಗಲಬೇಕು? 2025ರಲ್ಲಿ ಸಾವರಿನ್ಟಿ ಗೆದ್ದಿದ್ದು 18ರಿಂದಲೇ. ಮೆಲ್ಬೋರ್ನ್ ಕಪ್‌ನಲ್ಲಿ ಇದೇ ಥರ 18ನೇ ಬ್ಯಾರಿಯರ್ (ಅಲ್ಲಿ ಗೇಟಿಗೆ ಹಾಗೆನ್ನುತ್ತಾರೆ) ಕೆಟ್ಟದ್ದು ಎನ್ನುತ್ತಿದ್ದರು. 2021ರಲ್ಲಿ ವೆರಿ ಎಲಿಗಂಟ್ ಅಲ್ಲಿಂದಲೇ ಹೊರಟು ಗೆದ್ದಳು.

ಎಪ್ಸಮ್‌ನ ಒಂದನೇ ಗೇಟಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಅರ್ಧ ಕಾರಣ ಇದೆ. ಟ್ರ್ಯಾಕು ಶುರುವಿನಲ್ಲಿ ತುಸು ಬಲಕ್ಕೆ ಬಾಗಿ, ಆಮೇಲೆ ಎಡಕ್ಕೆ ತಿರುಗುತ್ತದೆ. ಒಳಗಿನ ಕುದುರೆ ಸ್ವಲ್ಪ ತಡವಾದರೆ ಎಲ್ಲರ ಹಿಂದೆ ಸಿಕ್ಕಿಕೊಳ್ಳುತ್ತದೆ. 1999ರಲ್ಲಿ ಓತ್ ಗೆದ್ದ ಮೇಲೆ ಎರಡು ದಶಕ ಒಂದನೇ ಗೇಟಿನಿಂದ ಯಾರೂ ಗೆಲ್ಲಲಿಲ್ಲ. 2021ರಲ್ಲಿ ಅಡಯಾರ್ ಗೆದ್ದಿತು. (ಈ ಕುದುರೆಯ ತಾಯಿಯ ಹೆಸರು ಅಣ್ಣಾ ಸಾಲೈ. ಎರಡೂ ಚೆನ್ನೈನ ಹೆಸರುಗಳು. ಸರ‍್ರೆಯ ಎಪ್ಸಮ್ ಗುಡ್ಡದ ಮೇಲೆ ಆ ಹೆಸರು ಕೂಗುವುದನ್ನು ಕೇಳಿ ನನಗೆ ಮೈ ಜುಂ ಎಂದಿತ್ತು.) ಮೂರು ವರ್ಷಕ್ಕೆ ಸಿಟಿ ಆಫ್ ಟ್ರಾಯ್ ಕೂಡ ಅಲ್ಲಿಂದಲೇ ಗೆದ್ದಿತು. ಇಂಥ ಅರ್ಧ ಕಾರಣ ಇದ್ದಾಗ ಕುದುರೆಯನ್ನು ಹೊಡೆದುಹಾಕಬಾರದು. ಜಾಕಿ ಯಾರು, ಕುದುರೆ ಗೇಟಿನಿಂದ ಚುರುಕಾಗಿ ಹೊರಬೀಳುತ್ತದಾ, ಇಷ್ಟು ನೋಡಿಕೊಂಡರೆ ಸಾಕು.

ಹಾಗಾದರೆ ಗೇಟಿನ ಲೆಕ್ಕ ಪೂರ್ತಿ ಸುಳ್ಳಾ? ಅಲ್ಲ. ಇಂಗ್ಲೆಂಡಿನ ಚೆಸ್ಟರ್‌ನ ಟ್ರ್ಯಾಕು ನೋಡಿ. ಒಂದು ಸುತ್ತು ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಬಳೆಯ ಹಾಗೆ ತಿರುಗುತ್ತಲೇ ಇರುತ್ತದೆ. ಅಲ್ಲಿ 5 ಫರ್ಲಾಂಗಿನ (ಸುಮಾರು 1000 ಮೀಟರ್) ಓಟದಲ್ಲಿ ಹೊರಗಿನ ಗೇಟಿನ ಕುದುರೆ ಇಡೀ ತಿರುವನ್ನು ದೊಡ್ಡದಾಗಿ ಸುತ್ತಬೇಕು. ಒಳಗಿನ ನಂಬರಿಗೆ ಅನುಕೂಲ. ಈ ಲೆಕ್ಕವನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ. ನೆಲದ ಆಕಾರ ಬದಲಾಗುವ ತನಕ ಇದೂ ಬದಲಾಗಲ್ಲ.

ಹಿಂದಿನ ಓಟ: ಅತಿ ಬೆಲೆಬಾಳುವ ಲೆಕ್ಕ

ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳುತ್ತೇನೆ. ಡರ್ಬಿಗೆ ಮುಂಚೆ ಕುದುರೆ ಯಾವ ತಯಾರಿ ಓಟ ಓಡಿತು, ಅಲ್ಲಿ ಹೇಗೆ ಓಡಿತು?

ಇದಕ್ಕೆ ಎಪ್ಸಮ್‌ನ ನೆಲ ಗೊತ್ತಿರಬೇಕು. 2400 ಮೀಟರ್ ಓಟ. ಮೊದಲ ಅರ್ಧ ಏರು. ಆಮೇಲೆ ಇಳಿಜಾರು, ಇಳಿಯುತ್ತಲೇ ಟಾಟೆನ್‌ಹ್ಯಾಮ್ ಕಾರ್ನರ್‌ನ ಎಡ ತಿರುವು. ತಿರುಗಿದ ಮೇಲೆ ನೇರ ದಾರಿ ಸಿಕ್ಕರೂ ನೆಲ ಒಳಗಿನ ಬೇಲಿಯ ಕಡೆ ವಾಲಿಕೊಂಡಿರುತ್ತದೆ. ದಣಿದ ಕುದುರೆ ಆ ವಾಲಿದ ಕಡೆಗೇ ಜಾರುತ್ತದೆ. ಇಲ್ಲಿ ವೇಗ ಒಂದೇ ಸಾಲದು. ಕಾಲಿನ ಹಿಡಿತ, ಮೈಯ ಸಮತೋಲ, ದಮ್ಮು, ಮೂರೂ ಬೇಕು.

ಈಗ ತಯಾರಿ ಓಟಗಳನ್ನು ಹೋಲಿಸಿ.

2000 ಗಿನೀಸ್ ನ್ಯೂಮಾರ್ಕೆಟ್‌ನಲ್ಲಿ, 1600 ಮೀಟರ್, ಬಾಣದ ಹಾಗೆ ನೇರ. ತಿರುವೇ ಇಲ್ಲ. ಅಲ್ಲಿ ಗೆದ್ದು ಡರ್ಬಿಯನ್ನೂ ಗೆಲ್ಲುವುದು ಎಷ್ಟು ಕಷ್ಟ ಎಂದರೆ 1989ರ ನಾಶ್ವಾನ್ ಆದಮೇಲೆ ಅದು ಸಾಧ್ಯವಾಗಿದ್ದು ಎರಡೇ ಕುದುರೆಗೆ. 2009ರಲ್ಲಿ ಸೀ ದ ಸ್ಟಾರ್ಸ್, 2012ರಲ್ಲಿ ಕ್ಯಾಮೆಲಾಟ್. ಅದಕ್ಕೇ "ಗಿನೀಸ್ ಗೆದ್ದವ ಡರ್ಬಿ ಗೆಲ್ಲಲ್ಲ" ಎಂಬ ಮಾತು ಹುಟ್ಟಿದ್ದು. ಕಾರಣವೂ ಇದೆ. ಆ ದೂರಕ್ಕೆ ಹೇಳಿ ಮಾಡಿಸಿದ ಕುದುರೆಗೆ ಇನ್ನೂ 800 ಮೀಟರ್ ಎಳೆಯುವ ದಮ್ಮು ಇರುವುದು ಅಪರೂಪ.

ನಾನು ಎಡವಿದ್ದು ಇಲ್ಲೇ. ಗಿನೀಸ್‌ನಲ್ಲಿ ಗೆಲ್ಲುವುದು ಬೇರೆ, ಗಿನೀಸ್‌ನಲ್ಲಿ ಓಡುವುದು ಬೇರೆ. 2008ರ ಡರ್ಬಿ ಗೆದ್ದ ನ್ಯೂ ಅಪ್ರೋಚ್ ಗಿನೀಸ್‌ನಲ್ಲಿ ಎರಡನೆಯದು. 2014ರ ಆಸ್ಟ್ರೇಲಿಯಾ, 2018ರ ಮಸಾರ್ ಎರಡೂ ಅಲ್ಲಿ ಮೂರನೆಯವು. 2023ರ ಓಗಸ್ಟ್ ರೋಡಿನ್ ಹನ್ನೆರಡನೆಯದು. 2024ರ ಸಿಟಿ ಆಫ್ ಟ್ರಾಯ್ ಒಂಬತ್ತನೆಯದು. ಮೈಲಿ ಓಟದಲ್ಲಿ ಸೋತರೂ ಈ ಐದೂ ಒಂದೂವರೆ ಮೈಲಿಯ ಡರ್ಬಿ ಗೆದ್ದವು. ಅಂದರೆ ಗಿನೀಸ್‌ನಲ್ಲಿ ಸೋಲು ಡರ್ಬಿಗೆ ದೋಷ ಅಲ್ಲವೇ ಅಲ್ಲ. ಕುದುರೆಯ ಹುಟ್ಟು ದೂರದ ಓಟಕ್ಕೆ ಹೊಂದುತ್ತಿದ್ದರೆ ಆ ಸೋಲನ್ನು ಮನ್ನಿಸಬೇಕು. ಸಿಟಿ ಆಫ್ ಟ್ರಾಯ್ ಎರಡು ವರ್ಷದ ಮರಿಯಾಗಿದ್ದಾಗ ಡ್ಯೂಹರ್ಸ್ಟ್ ಎಂಬ ದೊಡ್ಡ ಓಟ ಗೆದ್ದಿತ್ತು. ಒಂದು ಕೆಟ್ಟ ದಿನಕ್ಕಾಗಿ ನಾನು ಅದನ್ನೆಲ್ಲ ಮರೆತೆ.

ಯಾರ್ಕ್‌ನ ಡಾಂಟೆ ಸ್ಟೇಕ್ಸ್ ಮೇ ಮಧ್ಯದಲ್ಲಿ, ಹತ್ತು ಫರ್ಲಾಂಗು ಚಿಲ್ಲರೆ. ದೂರದಲ್ಲಿ ಗಿನೀಸ್‌ಗೂ ಡರ್ಬಿಗೂ ನಡುವೆ ಕೂರುತ್ತದೆ. 2004ರಲ್ಲಿ ನಾರ್ತ್ ಲೈಟ್, 2005ರಲ್ಲಿ ಮೋಟಿವೇಟರ್, 2007ರಲ್ಲಿ ಆಥರೈಸ್ಡ್, 2015ರಲ್ಲಿ ಗೋಲ್ಡನ್ ಹಾರ್ನ್, 2022ರಲ್ಲಿ ಡೆಸರ್ಟ್ ಕ್ರೌನ್, ಇಷ್ಟೂ ಡಾಂಟೆ ಗೆದ್ದು ಡರ್ಬಿ ಗೆದ್ದವು. 2010ರ ವರ್ಕ್‌ಫೋರ್ಸ್ ಡಾಂಟೆಯಲ್ಲಿ ಎರಡನೆಯದು. ತಯಾರಿ ಓಟಗಳ ಪೈಕಿ ನನ್ನ ಮೊದಲ ಮಣೆ ಇದಕ್ಕೇ.

ಚೆಸ್ಟರ್ ವೇಸ್ ಅದೇ ಬಳೆಯಂಥ ಟ್ರ್ಯಾಕಿನಲ್ಲಿ, ದೂರ ಡರ್ಬಿಯಷ್ಟೇ. ತಿರುವಿನಲ್ಲಿ ಮೈ ಹಿಡಿದುಕೊಳ್ಳಲು ಬರುತ್ತದಾ ಅಂತ ಅಲ್ಲಿ ಗೊತ್ತಾಗುತ್ತದೆ. 1981ರಲ್ಲಿ ಶೆರ್ಗಾರ್, 2013ರಲ್ಲಿ ರೂಲರ್ ಆಫ್ ದ ವರ್ಲ್ಡ್ ಅಲ್ಲಿಂದ ಬಂದವು. 2017ರಲ್ಲಿ 40ಕ್ಕೆ 1ರ ಬೆಲೆಗೆ (ಒಂದು ರೂಪಾಯಿ ಕಟ್ಟಿದರೆ ನಲವತ್ತು ಲಾಭ, ಅಂದರೆ ಹೆಚ್ಚು ಜನ ನಂಬದ ಕುದುರೆ) ಗೆದ್ದ ವಿಂಗ್ಸ್ ಆಫ್ ಈಗಲ್ಸ್ ಚೆಸ್ಟರ್‌ನಲ್ಲಿ ಎರಡನೆಯದಾಗಿತ್ತು. 2025 ಇನ್ನೂ ಚೆಂದ. ಚೆಸ್ಟರ್ ವೇಸ್‌ನಲ್ಲಿ ಲ್ಯಾಂಬೋರ್ನ್ ಮೊದಲು, ಲೇಜಿ ಗ್ರಿಫ್ ಎರಡನೆಯದು. ಒಂದು ತಿಂಗಳ ನಂತರ ಡರ್ಬಿಯಲ್ಲೂ ಲ್ಯಾಂಬೋರ್ನ್ ಮೊದಲು, ಲೇಜಿ ಗ್ರಿಫ್ ಎರಡನೆಯದು! ಅವತ್ತು ಫೇವರಿಟ್ ಡೆಲಾಕ್ರೋಯಿ. ಐರ್ಲೆಂಡಿನ ಲಿಯೊಪರ್ಡ್ಸ್‌ಟೌನ್‌ನಲ್ಲಿ ಗೆದ್ದು ಬಂದ ಸೊಗಸಾದ ಕುದುರೆ. ಎಪ್ಸಮ್‌ನಲ್ಲಿ ಹಿಂದೆಯೇ ಉಳಿಯಿತು.

ಲಿಂಗ್‌ಫೀಲ್ಡ್ ಟ್ರಯಲ್ ಕೂಡ ಇಳಿಜಾರಿನ ತಿರುವು ಇರುವ ನೆಲ, ಎಪ್ಸಮ್‌ನ ತಮ್ಮ ಎನ್ನಬಹುದು. 2019ರ ಆಂಟನಿ ವಾನ್ ಡೈಕ್ ಅಲ್ಲಿ ಗೆದ್ದು ಬಂತು. ಅಡಯಾರ್ ಅಲ್ಲಿ ಎರಡನೆಯದಾಗಿ ಬಂತು. 2024ರಲ್ಲಿ ಅಲ್ಲಿ ಗೆದ್ದ ಆಂಬಿಯೆಂಟ್ ಫ್ರೆಂಡ್ಲಿ ಡರ್ಬಿಯಲ್ಲಿ ಎರಡನೆಯದು.

ಈ ಕಥೆಗಳಲ್ಲಿ ಒಂದು ಗಮನಿಸಿ. ವಿಂಗ್ಸ್ ಆಫ್ ಈಗಲ್ಸ್, ಅಡಯಾರ್, ವರ್ಕ್‌ಫೋರ್ಸ್, ಮೂರೂ ತಯಾರಿ ಓಟದಲ್ಲಿ ಎರಡನೆಯದಾಗಿ ಬಂದವು. "ಕೊನೆಯ ಓಟ ಗೆದ್ದಿರಬೇಕು" ಎಂಬ ಜರಡಿ ಹಿಡಿದವರು ಈ ಮೂರನ್ನೂ ಕಳೆದುಕೊಂಡರು. ನಾನು "ಮೊದಲ ಎರಡರಲ್ಲಿ" ಎಂದು ಜರಡಿಯ ಕಣ್ಣು ಅಗಲ ಮಾಡಿಕೊಂಡಿದ್ದೇನೆ.

ತಂದೆ-ತಾಯಿಯ ಲೆಕ್ಕ: ನಿಜ, ಆದರೆ ಎಲ್ಲರ ಹತ್ತಿರವೂ ಇದೆ

ಗೆಲಿಲಿಯೋ 2001ರಲ್ಲಿ ಡರ್ಬಿ ಗೆದ್ದಿತು. ಆಮೇಲೆ ತಂದೆಯಾಗಿ ಐದು ಡರ್ಬಿ ವಿಜೇತರನ್ನು ಕೊಟ್ಟಿತು: ನ್ಯೂ ಅಪ್ರೋಚ್, ರೂಲರ್ ಆಫ್ ದ ವರ್ಲ್ಡ್, ಆಸ್ಟ್ರೇಲಿಯಾ, ಆಂಟನಿ ವಾನ್ ಡೈಕ್, ಸರ್ಪೆಂಟೈನ್. ಅದು ದಾಖಲೆ. 2018ರಿಂದ 2025ರವರೆಗಿನ ಎಂಟು ವಿಜೇತರನ್ನು ಒಂದೊಂದಾಗಿ ತೆಗೆದು ನೋಡಿದೆ. ಎಂಟರಲ್ಲೂ ಗೆಲಿಲಿಯೋ ಇದೆ. ಎರಡಕ್ಕೆ ತಂದೆ. ನಾಲ್ಕಕ್ಕೆ ತಂದೆಯ ತಂದೆ. ಓಗಸ್ಟ್ ರೋಡಿನ್, ಸಿಟಿ ಆಫ್ ಟ್ರಾಯ್ ಎರಡಕ್ಕೂ ತಾಯಿಯ ತಂದೆ.

ನೋಡಿ, ನಾನು ಸಿಟಿ ಆಫ್ ಟ್ರಾಯ್‌ನ ತಂದೆಯನ್ನು ಮಾತ್ರ ನೋಡಿ ಹೊಡೆದುಹಾಕಿದ್ದೆ. ತಾಯಿ ಟುಗೆದರ್ ಫಾರೆವರ್ ಗೆಲಿಲಿಯೋನ ಮಗಳು. ದಮ್ಮು ತಾಯಿಯ ಕಡೆಯಿಂದ ಬಂದಿತ್ತು. ಹುಟ್ಟಿನ ಲೆಕ್ಕ ಮಾಡುವಾಗ ತಂದೆಯ ಹೆಸರೊಂದನ್ನೇ ಓದುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ರೇಸ್ ಪುಸ್ತಕದಲ್ಲಿ ತಾಯಿಯ ಹೆಸರೂ ಪಕ್ಕದಲ್ಲೇ ಇರುತ್ತದೆ. ದಯವಿಟ್ಟು ಅದನ್ನೂ ಓದಿ.

ಇಷ್ಟಾದರೂ ಈ ಟ್ರೆಂಡು ಕುದುರೆ ಆರಿಸಲು ಅಷ್ಟು ಸಹಾಯ ಮಾಡಲ್ಲ. ಯಾಕೆಂದರೆ ಈಗಿನ ಡರ್ಬಿಯಲ್ಲಿ ಓಡುವ ಕುದುರೆಗಳಲ್ಲಿ ಬಹಳಷ್ಟಕ್ಕೆ ಎಲ್ಲೋ ಒಂದು ಕಡೆ ಗೆಲಿಲಿಯೋ ಇದ್ದೇ ಇರುತ್ತದೆ. ಗೆದ್ದವರಲ್ಲಿ ಎಷ್ಟು ಜನಕ್ಕೆ ಆ ಗುಣ ಇತ್ತು ಎಂದು ಕೇಳಿದರೆ ಸಾಲದು. ಓಡಿದವರಲ್ಲಿ ಎಷ್ಟು ಜನಕ್ಕೆ ಇತ್ತು ಅಂತಲೂ ಕೇಳಬೇಕು. ಹತ್ತರಲ್ಲಿ ಏಳು ವಿಜೇತರಿಗೆ ಒಂದು ಗುಣ ಇದೆ, ಓಡಿದವರಲ್ಲೂ ಹತ್ತಕ್ಕೆ ಏಳರಲ್ಲಿ ಅದೇ ಗುಣ ಇದೆ ಎಂದರೆ ಅದರಿಂದ ನಮಗೆ ಸಿಕ್ಕಿದ್ದು ಸೊನ್ನೆ. ಟ್ರೆಂಡ್ ಪಟ್ಟಿಗಳು ಎರಡನೆಯ ಸಂಖ್ಯೆ ಕೊಡುವುದು ತೀರ ಕಡಿಮೆ.

ಅದೇ ಜಸ್ಟಿಫೈ ಬಗ್ಗೆ ಇನ್ನೊಂದು ಮಾತು. ಎರಡು ವರ್ಷದವನಾಗಿ ಒಂದೂ ಓಟ ಓಡದ ಕುದುರೆ ಕೆಂಟಕಿ ಡರ್ಬಿ ಗೆಲ್ಲಲ್ಲ ಎಂಬ ನಂಬಿಕೆ ಅಮೆರಿಕದಲ್ಲಿ ಗಟ್ಟಿಯಾಗಿತ್ತು. 1882ರಲ್ಲಿ ಅಪೋಲೊ ಗೆದ್ದ ಮೇಲೆ 136 ವರ್ಷ ಹಾಗೆಯೇ ನಡೆಯಿತು. 2018ರಲ್ಲಿ ಅದನ್ನು ಮುರಿದಿದ್ದು ಇದೇ ಜಸ್ಟಿಫೈ. ಐದೇ ವರ್ಷಕ್ಕೆ, 2023ರಲ್ಲಿ, ಮೇಜ್ ಮತ್ತೆ ಮುರಿಯಿತು. ಮೊದಲು ಅದಕ್ಕೆ ಕಾರಣ ಇತ್ತು. ಅನುಭವ ಇಲ್ಲದ ಕುದುರೆ 20ರ ಗುಂಪಿನಲ್ಲಿ ಗಾಬರಿಯಾಗುತ್ತದೆ. ಈಗ ಟ್ರೇನರ್‌ಗಳು ದೊಡ್ಡ ಕುದುರೆಗಳನ್ನು ಕಡಿಮೆ ಓಡಿಸುತ್ತಾರೆ, ತಡವಾಗಿ ಇಳಿಸುತ್ತಾರೆ. ಕಾರಣ ಸವೆದ ಮೇಲೆ ಟ್ರೆಂಡೂ ಸವೆಯಿತು.

ಟ್ರೇನರ್ ಹೆಸರು: ಲಾಯ ಗೊತ್ತಾಗುತ್ತದೆ, ಕುದುರೆ ಗೊತ್ತಾಗಲ್ಲ

ಐರ್ಲೆಂಡಿನ ಏಡನ್ ಓ'ಬ್ರಿಯನ್ 2025ರವರೆಗೆ 11 ಸಲ ಎಪ್ಸಮ್ ಡರ್ಬಿ ಗೆದ್ದಿದ್ದಾರೆ. ಇದು ಬರೀ ಕಾಕತಾಳೀಯ ಅಲ್ಲ. ಉತ್ತಮ ತಳಿಯ ಮರಿಗಳು ಅಲ್ಲಿಗೇ ಹೋಗುತ್ತವೆ, ಅಲ್ಲಿನ ತಾಲೀಮು ಡರ್ಬಿಗಾಗಿಯೇ ನಡೆಯುತ್ತದೆ. ಕಾರಣ ಪಕ್ಕಾ. ಆದರೆ 2019ರಲ್ಲಿ ಓಡಿದ 13 ಕುದುರೆಗಳಲ್ಲಿ 7 ಅವರವೇ. ಗೆದ್ದಿದ್ದೂ ಅವರದ್ದೇ. ಏಳರಲ್ಲಿ ಯಾವುದು ಅಂತ ಟ್ರೆಂಡ್ ಹೇಳಿತಾ? ಇಲ್ಲ. 2017ರಲ್ಲಿ 40ಕ್ಕೆ 1, 2020ರಲ್ಲಿ 25ಕ್ಕೆ 1ರ ಸರ್ಪೆಂಟೈನ್, ಎರಡೂ ಅದೇ ಲಾಯದ ಹಿಂದಿನ ಸಾಲಿನ ಕುದುರೆಗಳು. ಲಾಯದ ಮೊದಲ ಜಾಕಿ ಯಾವುದನ್ನು ಹತ್ತಿದ ಎಂಬುದು ಒಂದು ಸುಳಿವು, ಪೂರ್ತಿ ಉತ್ತರ ಅಲ್ಲ. ನಾನು ಈ ಲೆಕ್ಕವನ್ನು ಕುದುರೆ ಉಳಿಸಿಕೊಳ್ಳಲು ಬಳಸುತ್ತೇನೆ. ಆರಿಸಲು ಬಳಸಲ್ಲ.

ಹೆಣ್ಣು, ಗಂಡು, ವಯಸ್ಸು: ಒಂದು ಊರಿನ ಲೆಕ್ಕ ಇನ್ನೊಂದು ಊರಿಗೆ ಒಯ್ಯಬೇಡಿ

ಎಪ್ಸಮ್ ಡರ್ಬಿಯನ್ನು ಹೆಣ್ಣುಕುದುರೆ ಕೊನೆಗೆ ಗೆದ್ದಿದ್ದು 1916ರಲ್ಲಿ. ಹೆಸರು ಫಿಫಿನೆಲ್ಲಾ. ಯುದ್ಧದ ಕಾಲ, ಆಗ ಓಟ ನ್ಯೂಮಾರ್ಕೆಟ್‌ನಲ್ಲಿ ನಡೆದಿತ್ತು. ನೂರು ವರ್ಷ ದಾಟಿದ ಟ್ರೆಂಡು. ಹಾಗಾದರೆ ಹೆಣ್ಣುಕುದುರೆಗೆ 2400 ಮೀಟರ್ ಆಗಲ್ವಾ?

ಪ್ಯಾರಿಸ್‌ಗೆ ಹೋಗಿ ನೋಡಿ. ಆರ್ಕ್ ಕೂಡ 2400 ಮೀಟರ್. 2008ರಿಂದ 2024ರವರೆಗಿನ 17 ಆರ್ಕ್‌ಗಳಲ್ಲಿ 10ನ್ನು ಗೆದ್ದಿದ್ದು ಹೆಣ್ಣುಕುದುರೆಗಳು. ಜರ್ಕಾವಾ, ಡೇನ್‌ಡ್ರೀಮ್, ಸೊಲೆಮಿಯಾ, ಎರಡು ಸಲ ಟ್ರೆವ್, ಫೌಂಡ್, ಎರಡು ಸಲ ಎನೇಬಲ್, ಆಲ್ಪಿನಿಸ್ಟಾ, ಬ್ಲೂಸ್ಟಾಕಿಂಗ್. ತೂಕದ ರಿಯಾಯಿತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಎಪ್ಸಮ್‌ನಲ್ಲಿ 3 ಪೌಂಡ್, ಆರ್ಕ್‌ನಲ್ಲಿ ಒಂದೂವರೆ ಕಿಲೋ. ವ್ಯತ್ಯಾಸ ಎಲ್ಲಿದೆ ಎಂದರೆ, ಎಪ್ಸಮ್‌ನಲ್ಲಿ ಡರ್ಬಿಯ ಹಿಂದಿನ ದಿನವೇ ಹೆಣ್ಣುಕುದುರೆಗಳಿಗೆಂದೇ ಓಕ್ಸ್ ಇದೆ. ಒಳ್ಳೆಯವೆಲ್ಲ ಅಲ್ಲಿ ಓಡುತ್ತವೆ. ಡರ್ಬಿಗೆ ಬರುವುದೇ ಇಲ್ಲ. ಓಡದವರು ಗೆಲ್ಲುವುದು ಹೇಗೆ?

ನಮ್ಮ ಮುಂಬೈ ಮಹಾಲಕ್ಷ್ಮಿಯಲ್ಲಿ ಚಿತ್ರ ಬೇರೆ. 1943ರ ಮೊದಲ ಇಂಡಿಯನ್ ಡರ್ಬಿಯನ್ನೇ ಗೆದ್ದಿದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣುಕುದುರೆ. 2010ರಲ್ಲಿ ಗೆದ್ದ ಜಾಕ್ವೆಲಿನ್ ಕೂಡ ಹೆಣ್ಣು. ಬೆಂಗಳೂರಿನ ಟ್ರೇನರ್ ಪದ್ಮನಾಭನ್ ಅವರು ಪಳಗಿಸಿದ ಕುದುರೆ ಅದು. ಎಪ್ಸಮ್‌ನ ಟ್ರೆಂಡ್ ಓದಿಕೊಂಡು ಮುಂಬೈಗೆ ಹೋದವರು ಆವತ್ತು ಪೆಟ್ಟು ತಿಂದಿರಬೇಕು. ವಯಸ್ಸೂ ಹಾಗೆಯೇ. ಎಪ್ಸಮ್‌ನಲ್ಲಿ ಡರ್ಬಿ ಮೂರು ವರ್ಷದವಕ್ಕೆ, ಜೂನ್‌ನಲ್ಲಿ. ಇಂಡಿಯನ್ ಡರ್ಬಿ ಫೆಬ್ರವರಿಯ ಮೊದಲ ಭಾನುವಾರ, ನಾಲ್ಕು ವರ್ಷದವಕ್ಕೆ. ಜನವರಿ 1ಕ್ಕೆ ಎಲ್ಲ ಕುದುರೆಗೂ ಹುಟ್ಟುಹಬ್ಬ, ಅದಾದ ತಿಂಗಳಿಗೆ ಡರ್ಬಿ. ಹಾಗಾಗಿ ನಮ್ಮ ಕುದುರೆ ಎಪ್ಸಮ್‌ನ ಕುದುರೆಗಿಂತ ಎಂಟು ತಿಂಗಳು ಬಲಿತಿರುತ್ತದೆ. "ಎಳೆ ಕುದುರೆಗೆ ದಮ್ಮು ಸಾಲದು" ಎಂಬ ಭಯ ಇಲ್ಲಿ ಅಷ್ಟು ಬೇಡ. ಇನ್ನೊಂದು ಅನುಕೂಲ, ಇಂಡಿಯನ್ 2000 ಗಿನೀಸ್ ಡಿಸೆಂಬರ್‌ನಲ್ಲಿ ಅದೇ ಮಹಾಲಕ್ಷ್ಮಿಯಲ್ಲಿ ನಡೆಯುತ್ತದೆ. ನೆಲ ಒಂದೇ, ತಿರುವು ಒಂದೇ. ಉಳಿಯುವ ಪ್ರಶ್ನೆ ದೂರದ್ದು ಮಾತ್ರ. ಅದಕ್ಕೇ ಗಿನೀಸ್‌ನ ಕೊನೆಯ 200 ಮೀಟರ್ ವಿಡಿಯೋವನ್ನು ಮೂರು ನಾಲ್ಕು ಸಲ ನೋಡುತ್ತೇನೆ. ಗೆದ್ದ ಕುದುರೆ ಕೊನೆಯಲ್ಲಿ ದಣಿಯುತ್ತಿದೆಯಾ? ಮೂರನೆಯದಾಗಿ ಬಂದದ್ದು ಇನ್ನೂ ಮುನ್ನುಗ್ಗುತ್ತಿದೆಯಾ? ಗೆರೆ ದಾಟಿದ ಮೇಲೂ ಓಡುತ್ತಲೇ ಇದ್ದರೆ ಅದರ ಹೆಸರಿಗೆ ಒಂದು ಗುರುತು ಹಾಕುತ್ತೇನೆ.

ಆರ್ಕ್‌ನಲ್ಲಿ ವಯಸ್ಸಿನ ಲೆಕ್ಕ ಬಹಳ ಹೇಳುತ್ತಾರೆ. ಮೂರು ವರ್ಷದವಕ್ಕೆ 56.5 ಕಿಲೋ, ದೊಡ್ಡವಕ್ಕೆ 59.5. ಈ ಮೂರು ಕಿಲೋ ದೊಡ್ಡ ಲಾಭ ಎನ್ನುತ್ತಾರೆ. 2008ರಿಂದ 2011ರವರೆಗೆ ನಾಲ್ಕು ವರ್ಷ ಸತತ ಮೂರು ವರ್ಷದವೇ ಗೆದ್ದವು. ಸರಿ ಎಂದು ನಂಬಿದರೆ 2018ರಿಂದ 2022ರವರೆಗೆ ಐದು ವರ್ಷ ಸತತ ದೊಡ್ಡವು ಗೆದ್ದವು. ಮೂರು ಕಿಲೋ ನಿಜ. ಆದರೆ ಆ ವರ್ಷದ ಮರಿಗಳೇ ಸಾಮಾನ್ಯ ಆಗಿದ್ದರೆ ತೂಕ ಏನು ಮಾಡೀತು?

ಫೇವರಿಟ್ ಮತ್ತು ನಿಯಮ

ಕೆಂಟಕಿ ಡರ್ಬಿಯಲ್ಲಿ 2013ರಲ್ಲಿ ಅಂಕಗಳ ಪದ್ಧತಿ ಬಂತು. ಅರ್ಹತೆಗೆ ಅಂಕ ಬೇಕು, ಅಂಕ ಹೆಚ್ಚಾಗಿ ದೂರದ ಓಟಗಳಲ್ಲಿ ಸಿಗುತ್ತದೆ. ಬರೀ ವೇಗದ ಕುದುರೆಗಳು ಹೊರಗುಳಿದವು. 2013ರಿಂದ 2018ರವರೆಗೆ ಆರು ವರ್ಷ ಫೇವರಿಟ್ಟೇ ಗೆದ್ದಿತು. ಎಲ್ಲರೂ ಹೊಸ ಕಾಲ ಬಂತು ಎಂದರು. ಆಮೇಲೆ 2019ರಿಂದ 2025ರವರೆಗೆ ಒಂದೂ ಫೇವರಿಟ್ ಗೆದ್ದಿಲ್ಲ. 2022ರಲ್ಲಿ ರಿಚ್ ಸ್ಟ್ರೈಕ್ ಗೆದ್ದಾಗ ಬೆಲೆ 80ಕ್ಕೆ 1. ಹೀಗೆ ಆರು ವರ್ಷ ಒಂದು ಕಡೆ, ಏಳು ವರ್ಷ ಇನ್ನೊಂದು ಕಡೆ ತೂಗುವ ಲೆಕ್ಕವನ್ನು ನಾನು ಪಕ್ಕಕ್ಕಿಡುತ್ತೇನೆ.

ಮೆಲ್ಬೋರ್ನ್ ಕಪ್‌ನಲ್ಲಿ ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ನೋವಿನ ಉದಾಹರಣೆ ಇದೆ. 2017, 2018, 2020ರಲ್ಲಿ ಯುರೋಪಿನಿಂದ ಬಂದ ಕುದುರೆಗಳು ಗೆದ್ದವು. 2020ರ ಓಟದಲ್ಲೇ, ಹಿಂದಿನ ವರ್ಷ ಡರ್ಬಿ ಗೆದ್ದಿದ್ದ ಆಂಟನಿ ವಾನ್ ಡೈಕ್ ಕಾಲು ಮುರಿದುಕೊಂಡು ಸತ್ತಿತು. ಆ ದಿನ ಟಿವಿ ಮುಂದೆ ಕೂತಿದ್ದ ನನಗೆ ಓಟ ಯಾರು ಗೆದ್ದರು ಎಂದು ನೋಡುವ ಮನಸ್ಸೇ ಇರಲಿಲ್ಲ. 2021ರಿಂದ ಕಾಲುಗಳ ಸ್ಕ್ಯಾನಿಂಗ್ ಸೇರಿದಂತೆ ಕಟ್ಟುನಿಟ್ಟಿನ ತಪಾಸಣೆ ಬಂತು. ಹೊರಗಿನಿಂದ ಬರುವ ಕುದುರೆಗಳು ಕಡಿಮೆಯಾದವು. 2021ರಿಂದ 2025ರವರೆಗೆ ಐದೂ ಸಲ ಗೆದ್ದಿದ್ದು ಆಸ್ಟ್ರೇಲಿಯಾದಲ್ಲೇ ತಾಲೀಮಾದ ಕುದುರೆಗಳು. "ಯುರೋಪಿನವು ಗೆಲ್ಲುತ್ತವೆ" ಎಂಬ ಹತ್ತು ವರ್ಷದ ಲೆಕ್ಕ ಇಟ್ಟುಕೊಂಡವರು ಎರಡು ಬೇರೆ ಬೇರೆ ಓಟಗಳನ್ನು ಒಂದೇ ಎಂದು ಎಣಿಸಿದಂತಾಯಿತು. ತೂಕದ ಮಾತು ಬೇಡವೇ ಬೇಡ. 2005ರಲ್ಲಿ ಮಕೈಬಿ ದಿವಾ 58 ಕಿಲೋ ಹೊತ್ತು ಮೂರನೇ ಸಲ ಗೆದ್ದಳು. 2015ರಲ್ಲಿ 100ಕ್ಕೆ 1ರ ಪ್ರಿನ್ಸ್ ಆಫ್ ಪೆನ್‌ಜಾನ್ಸ್ ಗೆದ್ದಿತು. ಈ ಓಟಕ್ಕೆ ನಾನು ಟ್ರೆಂಡ್ ಬಳಸುವುದನ್ನೇ ಬಿಟ್ಟಿದ್ದೇನೆ.

ಈಗ ನಾನು ಮಾಡುವ ರೀತಿ

ನೋಟ್‌ಬುಕ್ಕಿನಲ್ಲಿ ಡರ್ಬಿಗೆ ಮೂರೇ ಜರಡಿ. ತಯಾರಿ ಓಟದಲ್ಲಿ ಮೊದಲ ಎರಡರಲ್ಲಿ ಬಂದಿದೆಯಾ, ಅಥವಾ ಗಿನೀಸ್‌ನಲ್ಲಿ ಓಡಿ ಬಂದ ದೊಡ್ಡ ಹೆಸರಾ? ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ದೂರದ ಓಟದ ತಳಿಯವರಾ? ತಿರುವಿರುವ ಟ್ರ್ಯಾಕಿನಲ್ಲಿ ಓಡಿದ್ದಿದೆಯಾ? ಟ್ರೇನರ್ ಹೆಸರು ಪಕ್ಕದಲ್ಲಿ ಬರೆಯುತ್ತೇನೆ. ಗೇಟ್ ನಂಬರು ಪೆನ್ಸಿಲ್‌ನಲ್ಲಿ.

2024ರ ಪಟ್ಟಿಯನ್ನು ಈ ಜರಡಿಗೆ ಹಾಕಿ ನೋಡಿದೆ. ಸಿಟಿ ಆಫ್ ಟ್ರಾಯ್ ಮೊದಲನೆಯದರಲ್ಲಿ ಗಿನೀಸ್ ದಾರಿಯಿಂದ ಪಾಸು, ಎರಡನೆಯದರಲ್ಲಿ ತಾಯಿಯಿಂದ ಪಾಸು, ಮೂರನೆಯದರಲ್ಲಿ ಮಾತ್ರ ಪ್ರಶ್ನೆ ಚಿಹ್ನೆ. ಆಂಬಿಯೆಂಟ್ ಫ್ರೆಂಡ್ಲಿ ಲಿಂಗ್‌ಫೀಲ್ಡ್‌ನಿಂದ ಮೊದಲನೆಯದರಲ್ಲೂ ಮೂರನೆಯದರಲ್ಲೂ ಪಾಸು. ಮೊದಲ ಎರಡು ಸ್ಥಾನವೂ ಪಟ್ಟಿಯಲ್ಲಿ ಉಳಿಯುತ್ತಿದ್ದವು. ಓಟ ಮುಗಿದ ಮೇಲೆ ಕಟ್ಟಿದ ಜರಡಿ ಹಳೆಯ ಓಟಕ್ಕೆ ಸರಿಹೊಂದುವುದು ಸುಲಭ, ಗೊತ್ತು. ಹಾಗಾಗಿ 2025ಕ್ಕೆ ಓಟಕ್ಕೆ ಮುಂಚೆಯೇ ಬರೆದಿಟ್ಟೆ. ನಾಲ್ಕು ಹೆಸರು ಉಳಿದವು. ಲ್ಯಾಂಬೋರ್ನ್ ಅದರಲ್ಲಿತ್ತು, ಡೆಲಾಕ್ರೋಯಿಯೂ ಇತ್ತು. ನಾನು ಆರಿಸಿದ್ದು ಡೆಲಾಕ್ರೋಯಿ. ಜರಡಿ ತಪ್ಪಲಿಲ್ಲ, ನಾಲ್ಕರಲ್ಲಿ ಒಂದನ್ನು ಎತ್ತಿಕೊಳ್ಳುವಾಗ ನಾನು ತಪ್ಪಿದೆ. ಟ್ರೆಂಡಿನಿಂದ ಇಷ್ಟೇ ಆಗುತ್ತದೆ. ಇಡೀ ಪಟ್ಟಿಯನ್ನು ನಾಲ್ಕಕ್ಕೆ ಇಳಿಸುತ್ತದೆ. ಆ ನಾಲ್ಕರಿಂದ ಒಂದಕ್ಕೆ ಬರಲು ಕಣ್ಣು ಬೇಕು.

ಕಣ್ಣು ಎಂದರೆ ಏನು ಎಂದು ನನಗೆ ಮೊದಲು ತೋರಿಸಿದ್ದು ನಮ್ಮ ಸೋದರಮಾವ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಗೆ ಚಿಕ್ಕಂದಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಪುಸ್ತಕದಲ್ಲಿ ತಲೆ ಹುದುಗಿಸಿದ್ದಾಗ ಅವರು ಪ್ಯಾಡಕ್‌ನ (ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸುವ ಅಂಗಳದ) ಬೇಲಿಗೆ ಒರಗಿ ನಿಲ್ಲುತ್ತಿದ್ದರು. ಕುದುರೆ ನಡೆಯುವಾಗ ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತದಾ ನೋಡು ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಬೆವರಿನ ನೊರೆ ಇದೆಯಾ ನೋಡು. ಕಿವಿ ಎತ್ತ ಇದೆ ನೋಡು. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಕೌಶಲದ್ದು ಎಂದು ತೀರ್ಪು ಕೊಟ್ಟಾಗ ಮಾವ ಆ ದಿನದ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದರು. ಆದರೂ ಜೇಬಿನಲ್ಲಿ ಆವತ್ತಿಗೆಂದು ಇಟ್ಟ ಹಣ ಮುಗಿದರೆ ಮುಗಿಯಿತು. ಮನೆ ಖರ್ಚಿನ ಕವರಿಗೆ ಅವರು ಕೈ ಹಾಕಿದ್ದು ನಾನು ನೋಡಿಲ್ಲ. ನಾನೂ ಅದನ್ನೇ ಪಾಲಿಸುತ್ತೇನೆ, ನೀವೂ ಪಾಲಿಸಿ.

ಹಾಗಾಗಿ ಶುಕ್ರವಾರ ರಾತ್ರಿ ಜರಡಿಯ ಕೆಲಸ ಮುಗಿಸಿಬಿಡುತ್ತೇನೆ. ಶನಿವಾರ ಮಳೆ ಬಂತಾ, ನೆಲ ಮೆತ್ತಗಾಯಿತಾ ಎಂದು ವಿಚಾರಿಸುತ್ತೇನೆ. ಓಟಕ್ಕೆ ಇಪ್ಪತ್ತು ನಿಮಿಷ ಇರುವಾಗ ನೋಟ್‌ಬುಕ್ ಮುಚ್ಚಿ, ಪ್ಯಾಡಕ್ ತೋರಿಸುವ ಕ್ಯಾಮೆರಾದಲ್ಲಿ ಉಳಿದ ನಾಲ್ಕು ಕುದುರೆಗಳು ನಡೆಯುವುದನ್ನು ನೋಡುತ್ತಾ ಕೂರುತ್ತೇನೆ.